ಅಕ್ಕನ ಪಥ್ಯ

ಅರಿಶಿನದ ಸತ್ವ ಮಿದುಳಿನ ಕ್ಯಾನ್ಸರಿಗೆ ಮದ್ದಾಗಬಹುದಂತೆ, ಅಶ್ವಗಂಧದ ಬೇರಿನಿಂದ ಏನೋ ತೆಗೆದು ಪರೀಕ್ಷೆ ಮಾಡುತ್ತಿದ್ದಾರಂತೆ ಎಂದು ಆಗಾಗ ಪೇಪರಿನಲ್ಲಿ ಬರುತ್ತದೆ. ಓದಿದಾಗೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದಿರಿ ಎಂದು ಪೇಪರನ್ನೇ ಬೈಯುತ್ತೇನೆ. ಬೈದು ಮುಗಿದ ಮೇಲೆ ಇನ್ನೊಂದು ಸಲ ನಿಧಾನವಾಗಿ ಓದುತ್ತೇನೆ. ಎಂಬತ್ತರ ದಶಕದ ಶುರುವಿನಲ್ಲಿ ಅಕ್ಕ ಹೋದಾಗ ನಮಗೆ ಇಷ್ಟು ಆಸೆ ತೋರಿಸುವ ಸುದ್ದಿಯೂ ಪೇಪರಿನಲ್ಲಿ ಇರಲಿಲ್ಲ.

ಅಕ್ಕನನ್ನು ಗುಬ್ಬಿಗೆ ಕೊಟ್ಟಿತ್ತು. ಭಾವನಿಗೆ ಅಲ್ಲಿ ಕೊಬ್ಬರಿ ವ್ಯಾಪಾರ. ನಾನು, ಅಮ್ಮ ತುಮಕೂರಿನ ಶೆಟ್ಟಿಹಳ್ಳಿಯಲ್ಲಿದ್ದೆವು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ನಾನು ಬಿ.ಎಸ್ಸಿ. ಓದುತ್ತಿದ್ದೆ, ಅದರಲ್ಲೂ ಗಿಡಮರಗಳ ಶಾಸ್ತ್ರ, ಹಾಗಾಗಿ ಎಲ್ಲ ಗೊತ್ತು ಎಂಬ ಜಂಬವಿತ್ತು.

ಅಕ್ಕನಿಗೆ ಹುಳಿ ಎಂದರೆ ಪ್ರಾಣ. ನಾವು ಮುಖ ಕಿವುಚುವ ಹುಣಸೆಕಾಯಿಯನ್ನು ಅವಳು ಸೌತೆಕಾಯಿ ತಿಂದ ಹಾಗೆ ತಿನ್ನುತ್ತಿದ್ದಳು. ಮದುವೆಯಾಗಿ ವರ್ಷಗಳಾದರೂ ಮಡಿಲು ತುಂಬಿರಲಿಲ್ಲ. ಒಂದು ಸಲ, ಬೆಳಿಗ್ಗೆ ಎದ್ದ ತಕ್ಷಣ ವಾಂತಿಯಾಗುತ್ತಿದೆ, ತಲೆ ಸುತ್ತುತ್ತದೆ, ಅಮ್ಮನ ಕೈಯ ಹುಣಸೆಕಾಯಿ ತೊಕ್ಕು ತಿನ್ನಬೇಕು ಅನ್ನಿಸುತ್ತಿದೆ ಎಂದು ಹೇಳಿ ಕಳಿಸಿದಳು. ವಾಂತಿ, ಮೇಲೆ ಹುಳಿಯ ಬಯಕೆ. ಇನ್ನೇನು ಬೇಕು? ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

"ದೇವ್ರು ಕಣ್ಬಿಟ್ಟ ಕಣೇ," ಎಂದು ನನ್ನ ಗಲ್ಲ ಹಿಂಡಿದಳು.

ಭಾವ ತಮ್ಮ ಹಿತ್ತಲ ಮರದ ಎಳೆ ಹುಣಸೆಕಾಯಿಯನ್ನು ಚೀಲದಲ್ಲಿ ತುಂಬಿಕೊಂಡು ರೈಲಿನಲ್ಲಿ ಬಂದರು. ಅಮ್ಮ ಉಪ್ಪು, ಅರಿಶಿನ, ಮೆಣಸಿನಕಾಯಿ, ಮೆಂತ್ಯ ಹಾಕಿ ಒರಳಲ್ಲಿ ಕುಟ್ಟಿದಳು. ಬೀದಿಗೆಲ್ಲ ವಾಸನೆ ಹೋಗಿ, ಏನು ವಿಶೇಷ ಎಂದು ಕೇಳಿದವರಿಗೆಲ್ಲ ಅಮ್ಮ ಹೇಳಿಕೊಂಡು ನಕ್ಕಳು. ಜಾಡಿ ತುಂಬಾ ತೊಕ್ಕು ಗುಬ್ಬಿಗೆ ಹೋಯಿತು.

ಬಸಿರೂ ಇಲ್ಲ, ಏನೂ ಇಲ್ಲ. ತಿಂಗಳೊಳಗೆ ಅಕ್ಕನಿಗೆ ಒಂದು ವಸ್ತು ಎರಡಾಗಿ ಕಾಣತೊಡಗಿತು, ನಡೆಯುವಾಗ ಗೋಡೆಗೆ ಒರಗಿಕೊಳ್ಳುತ್ತಿದ್ದಳು. ತುಮಕೂರಿನ ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಆಮೇಲೆ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿ ತಲೆ ತೆರೆದು ಗಡ್ಡೆಯಲ್ಲಿ ಕೈಗೆ ಸಿಕ್ಕಷ್ಟು ತೆಗೆದರು. ಉಳಿದದ್ದಕ್ಕೆ ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಕ್ಯಾನ್ಸರ್ ಎಂಬ ಮಾತನ್ನು ಅವಳ ಮುಂದೆ ಯಾರೂ ಆಡಲಿಲ್ಲ. ನರದ ಗಂಟು ಎಂದು ಹೇಳಿದೆವು, ಅವಳು ತಲೆಯಾಡಿಸಿದಳು.

ಜಾಡಿಯ ಸಮೇತ ಶೆಟ್ಟಿಹಳ್ಳಿಗೆ ಬಂದಳು. ಅದರಲ್ಲಿ ತೊಕ್ಕು ಮುಕ್ಕಾಲು ಪಾಲು ಹಾಗೇ ಇತ್ತು. ಕನ್ನಡಿಯಲ್ಲಿ ಬೋಳು ತಲೆ ನೋಡಿಕೊಂಡು, "ಹರಕೆನೇ ಇಲ್ದೆ ಮುಡಿ ಕೊಟ್ಟೆ ನೋಡು. ದೇವ್ರಿಗೆ ಪುಕ್ಕಟೆ ಲಾಭ," ಎಂದಳು. ನಾನು ನಕ್ಕೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ನಮ್ಮ ಅಂಗಳದಲ್ಲಿ ಯಾರೂ ನೆಡದೆ, ನೀರೂ ಹಾಕದೆ ಬೆಳೆದ ನಿತ್ಯಪುಷ್ಪದ ಗಿಡಗಳಿದ್ದವು. ಅದರ ಎಲೆಯಿಂದ ರಕ್ತದ ಕ್ಯಾನ್ಸರಿಗೆ ಔಷಧ ತೆಗೆಯುತ್ತಾರೆ ಎಂದು ಕ್ಲಾಸಿನಲ್ಲಿ ಕೇಳಿದ್ದೆ. ಮಾರನೇ ದಿನವೇ ಮೇಷ್ಟ್ರ ಮುಂದೆ ಹೋಗಿ ನಿಂತೆ. ರಕ್ತಕ್ಕಾದರೆ ಮಿದುಳಿಗೆ ಯಾಕಾಗಬಾರದು ಎಂದು ಕೇಳಿದೆ.

"ಮಿದುಳಿಗೂ ರಕ್ತಕ್ಕೂ ಮಧ್ಯ ಒಂದು ಬೇಲಿ ಇದೆ ಕಣಮ್ಮ," ಎಂದರು ಮೇಷ್ಟ್ರು. "ರಕ್ತದಲ್ಲಿ ಓಡಾಡೋದೆಲ್ಲ ಅದನ್ನ ದಾಟಲ್ಲ. ಈ ಔಷಧಾನೂ ಸರಿಯಾಗಿ ದಾಟಲ್ಲ."

"ಹಂಗಾದ್ರೆ ದಾಟೋ ಗಿಡ ಯಾವ್ದು ಸಾರ್?"

"ಹುಡುಕ್ತಾ ಇದಾರೆ. ಒಂದಿನ ಸಿಗಬಹುದು." ನನ್ನ ಮುಖ ನೋಡಿ ಗಾಬರಿಯಾಗಿ, "ಮನೇಲಿ ಎಲೆ ಕುದಿಸಿ ಕುಡಿಸೋಕೆ ಹೋಗ್ಬೇಡ, ಅದು ವಿಷ," ಎಂದು ಸೇರಿಸಿದರು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಗಿಡ ಮದ್ದೇ ಆಗಿತ್ತು, ಹೋಗಬೇಕಾದ ಜಾಗಕ್ಕೆ ಹೋಗುತ್ತಿರಲಿಲ್ಲ ಅಷ್ಟೇ. ಮನೆಗೆ ಬಂದವಳೇ ಎರಡು ಗಿಡ ಕಿತ್ತು ಬೀದಿಗೆ ಎಸೆದೆ. ಹೂಬಿಟ್ಟ ಗಿಡ ಏನು ಮಾಡಿತ್ತು ಎಂದು ಬೈದು ಅಮ್ಮ ಅವನ್ನು ತಂದು ಮತ್ತೆ ನೆಟ್ಟಳು.

ಕುಣಿಗಲ್ಲಿನಲ್ಲಿ ಒಬ್ಬ ಪಂಡಿತರಿದ್ದಾರೆ, ತಲೆಯ ಗಡ್ಡೆ ಕರಗಿಸುತ್ತಾರೆ ಎಂದು ಯಾರೋ ಅಮ್ಮನ ಕಿವಿಗೆ ಹಾಕಿದರು. ನಾನು ಕೂಗಾಡಿದೆ. ಬೇರುಗೀರು ಕೊಟ್ಟು ಇರುವುದನ್ನೂ ಕೆಡಿಸುತ್ತಾರೆ ಎಂದೆ. ಆದರೆ ಬಸ್ಸು ಹೆಬ್ಬೂರು ದಾಟುವಾಗ ಕಿಟಕಿಯ ಪಕ್ಕ ಕೂತು, ದೇವರೇ ಇವರಾದರೂ ನಿಜದವರಾಗಿರಲಿ ಎಂದು ಬೇಡಿಕೊಂಡವಳೂ ನಾನೇ.

ಪಂಡಿತರ ಮನೆ ಕುಣಿಗಲ್ ಕೆರೆಯ ಕಡೆಗಿತ್ತು. ಅಕ್ಕನ ನಾಡಿ ಹಿಡಿದು ಕಣ್ಣು ಮುಚ್ಚಿ ಕೂತರು. ಒಣಬೇರಿನ ಪೊಟ್ಟಣ ಕೊಟ್ಟು, ದಿನಾ ಬೆಳಿಗ್ಗೆ ಒಂದೆಲಗದ ಜೊತೆ ಅರೆದು ಹಾಲಿನಲ್ಲಿ ಕೊಡಿ ಎಂದರು. ಯಾವ ಬೇರು ಎಂದು ಕೇಳಿದೆ.

"ಹೆಸ್ರು ಕೇಳ್ಬಾರ್ದು ಮಗಳೇ," ಎಂದು ನಕ್ಕು, ಅಮ್ಮನ ಕಡೆ ತಿರುಗಿದರು. "ಪಥ್ಯ ಮುಖ್ಯ ಕಣಮ್ಮ. ಉಪ್ಪು, ಹುಳಿ, ಖಾರ ಮೂರೂ ಬಿಡ್ಬೇಕು. ಒಂದು ಮಂಡಲ, ನಲವತ್ತೆಂಟು ದಿನ. ನಡುವೆ ತಪ್ಪಿದ್ರೆ ಮದ್ದು ಮದ್ದಲ್ಲ."

ಹುಳಿ ಎಂದಾಗ ಅಕ್ಕ ನನ್ನನ್ನು ನೋಡಿ ನಾಲಿಗೆ ಕಚ್ಚಿದಳು.

ಅಂದಿನಿಂದ ನಾನು ಏಳುತ್ತಿದ್ದದ್ದೇ ಅರೆಯುವ ಕಲ್ಲಿನ ಸದ್ದಿಗೆ. ಅಮ್ಮ ಜಾಡಿಯನ್ನು ಅಟ್ಟಕ್ಕೇರಿಸಿದಳು. ಅಕ್ಕ ಉಪ್ಪಿಲ್ಲದ ಅನ್ನಕ್ಕೆ ಹಾಲು ಕಲೆಸಿಕೊಂಡು ಉಣ್ಣುತ್ತಿದ್ದಳು. ಮೊದಮೊದಲು ತಲೆನೋವು ಇಳಿಯಿತು. ರೈಲ್ವೆ ಗೇಟಿನ ತನಕ ನನ್ನ ತೋಳು ಹಿಡಿದು ನಡೆದು, ಗುಬ್ಬಿ ಕಡೆ ಹೋಗುವ ಗಾಡಿ ನೋಡಿಕೊಂಡು ಬಂದಳು. ಆಸ್ಪತ್ರೆಯವರ ಮಾತ್ರೆಯಿಂದಲೋ ಆ ಹೆಸರಿಲ್ಲದ ಬೇರಿನಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನಗಳಲ್ಲಿ ನನ್ನ ಶಾಸ್ತ್ರವನ್ನೆಲ್ಲ ಮೂಲೆಗಿಟ್ಟು ಪಂಡಿತರಿಗೆ ಮನಸ್ಸಿನಲ್ಲೇ ಅಡ್ಡಬಿದ್ದಿದ್ದೆ.

"ಬೆರಳ ತುದೀಲಿ ಒಂಚೂರು ನೆಕ್ಲಾ ಅಮ್ಮ?" ಎಂದು ಅಕ್ಕ ದಿನಾ ಅಟ್ಟದ ಕಡೆ ನೋಡಿ ಗೋಗರೆಯುತ್ತಿದ್ದಳು.

"ಮಂಡಲ ಮುಗೀಲಿ ಮಗ, ಜಾಡಿನೇ ನಿನ್ನ ಮುಂದಿಡ್ತೀನಿ," ಎನ್ನುತ್ತಿದ್ದಳು ಅಮ್ಮ. ಆ ಮಾತಿನಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ.

ಮಂಡಲ ಅರ್ಧವೂ ಆಗಿರಲಿಲ್ಲ, ಅಕ್ಕನ ಎಡಗೈ ಸ್ವಾಧೀನ ತಪ್ಪಿ ಬಿದ್ದುಹೋಯಿತು. ಬೆಂಗಳೂರಿಗೆ ಒಯ್ದೆವು. ಡಾಕ್ಟರು ಭಾವನನ್ನೂ ನನ್ನನ್ನೂ ಆಚೆ ಕರೆದು, "ಇನ್ನು ನಮ್ಮ ಕೈಲೇನೂ ಇಲ್ಲ. ಮನೆಗೆ ಕರ್ಕೊಂಡು ಹೋಗಿ. ಏನು ಕೇಳ್ತಾರೋ ಕೊಡಿ," ಎಂದರು. ಏನು ಕೇಳ್ತಾರೋ ಕೊಡಿ. ಇದರ ಅರ್ಥ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಭಾವ ಅಲ್ಲೇ ಗೋಡೆಗೆ ಹಣೆಯಿಟ್ಟು ಅತ್ತರು. ಊರಿಗೆ ಬಂದ ಮೇಲೆ ಅಮ್ಮನಿಗೆ ಅಡುಗೆಮನೆಯಲ್ಲಿ ಹೇಳಿದೆವು.

ಮಾರನೇ ಬೆಳಿಗ್ಗೆ ಅರೆಯುವ ಕಲ್ಲಿನ ಸದ್ದಿಲ್ಲ. ಮಧ್ಯಾಹ್ನ ಅಮ್ಮ ಅಟ್ಟದಿಂದ ಜಾಡಿ ಇಳಿಸಿ, ಬಿಸಿ ಅನ್ನಕ್ಕೆ ತುಪ್ಪ ಹಾಕಿ, ತಟ್ಟೆಯ ಅಂಚಿನಲ್ಲಿ ನೆಲ್ಲಿಕಾಯಿ ಗಾತ್ರದ ತೊಕ್ಕು ಇಟ್ಟು ತಂದಳು.

ಅಕ್ಕ ತಟ್ಟೆ ನೋಡಿದಳು. "ಇದೇನಮ್ಮ?"

"ತಿನ್ನು ಮಗ. ತಿನ್ಬೋದು ಅಂತ ಡಾಕ್ಟ್ರೇ ಹೇಳವ್ರೆ."

ಅಕ್ಕ ಅಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಇಷ್ಟು ದಿನ ಎಲ್ಲರೂ ಸೇರಿ ಕಟ್ಟಿದ್ದ ಸುಳ್ಳನ್ನು ಆ ಒಂದಿಷ್ಟು ತೊಕ್ಕು ಬಯಲು ಮಾಡಿಬಿಟ್ಟಿತ್ತು. ಅವಳ ಬಾಯಲ್ಲಿ ನೀರೂರಿತು, ಗಂಟಲು ಆಡಿದ್ದು ನನಗೆ ಕಂಡಿತು. ಆದರೆ ಬಲಗೈಯಿಂದ ತಟ್ಟೆಯನ್ನು ಮೆಲ್ಲಗೆ ತಳ್ಳಿದಳು.

"ಮಂಡಲ ಮುಗ್ದಿಲ್ವಲ್ಲಮ್ಮ. ಇಷ್ಟು ಕಷ್ಟಪಟ್ಟು ಪಥ್ಯ ಮಾಡಿ ಈಗ ಕೆಡಿಸ್ಕೊಳ್ಳಾ? ಎತ್ತಿಡು. ಮುಗ್ದ ದಿನ ನಾನೇ ಕೇಳಿ ತಿಂತೀನಿ. ಇವತ್ತು ಮದ್ದು ಯಾಕೆ ಅರೀಲಿಲ್ಲ?"

ಅಮ್ಮ ತಟ್ಟೆ ಎತ್ತಿಕೊಂಡು ಓಡಿದಳು. ಸ್ವಲ್ಪ ಹೊತ್ತಿಗೆ ಅರೆಯುವ ಸದ್ದು ಕೇಳಿತು. ಮಗಳೇ ಕೈಬಿಟ್ಟಿಲ್ಲ ಎಂದರೆ ತಾಯಿ ಹೇಗೆ ಬಿಡುತ್ತಾಳೆ?

"ನಿಂಗೆ ಗೊತ್ತಾಯ್ತಲ್ಲ ಅಕ್ಕ," ಎಂದೆ. ಅಳು ತಡೆಯಲಾಗಲಿಲ್ಲ.

"ಸುಮ್ನಿರೇ. ಅಮ್ಮಂಗೆ ಅರೆಯೋಕೆ ಏನಾದ್ರೂ ಇರ್ಲಿ," ಎಂದಳು.

ಆಮೇಲೆ ಅವಳು ಆ ಹಸಿರು ಹಾಲನ್ನು ಒಂದು ದಿನವೂ ಬೇಡ ಎನ್ನಲಿಲ್ಲ. ನುಂಗಲು ಆಗದೆ ಹೋದಾಗ ಅಮ್ಮ ಬೆರಳಿನಿಂದ ತುಟಿಗೆ ಸವರುತ್ತಿದ್ದಳು. ಮಂಡಲ ಮುಗಿಯಲು ಇನ್ನೂ ದಿನಗಳಿರುವಾಗಲೇ, ಒಂದು ಬೆಳಿಗ್ಗೆ ಅಮ್ಮ ಅರೆದು ತರುವಷ್ಟರಲ್ಲಿ ಅಕ್ಕ ಹೋಗಿದ್ದಳು. ಒಂದೆಲಗದ ಹಸಿರು ಮೆತ್ತಿದ ಕೈಯಲ್ಲೇ ಅಮ್ಮ ಅವಳ ಮುಖ ಹಿಡಿದುಕೊಂಡಳು, ಆ ಬಣ್ಣ ಕೆನ್ನೆಗಂಟಿತು.

ಹನ್ನೊಂದನೇ ದಿನ ಎಡೆ ಇಡಬೇಕು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸುವುದು ಪದ್ಧತಿ. ಅಕ್ಕನ ಫೋಟೋಗೆ ವಿಭೂತಿ ಹಚ್ಚಿ, ಮುಂದೆ ಬಾಳೆಲೆ ಹಾಸಿ, ಹುಳಿಯನ್ನ, ನಿಂಬೆಹಣ್ಣಿನ ಉಪ್ಪಿನಕಾಯಿ, ಪಾಯಸ ಎಲ್ಲ ಬಡಿಸಿದರು. ಭಾವ ತಾವೇ ಅಟ್ಟ ಹತ್ತಿ ಜಾಡಿ ಇಳಿಸಿಕೊಂಡು ಬಂದರು. ಅವರ ಮನೆಯ ಮರದ ಕಾಯಿ ಅದು. ಚಮಚದಲ್ಲಿ ತೊಕ್ಕು ತೆಗೆದು ಎಲೆಯ ಮೇಲೆ ಬಗ್ಗಿದರು.

ಅಷ್ಟು ದಿನ ಬಾಯಿ ಬಿಡದೆ ಕೂತಿದ್ದ ಅಮ್ಮ ಎದ್ದು ಬಂದು ಅವರ ಕೈ ಹಿಡಿದಳು.

"ಬೇಡ ಕಣಪ್ಪ. ಅವ್ಳ ಪಥ್ಯ ಇನ್ನೂ ಮುಗ್ದಿಲ್ಲ. ಮುಗ್ದ ದಿನ ಅವಳೇ ಕೇಳಿ ತಿಂತೀನಿ ಅಂದವ್ಳೆ."

ಭಾವ ತೊಕ್ಕನ್ನು ಜಾಡಿಗೆ ಹಾಕಿ ಮುಚ್ಚಳ ಮುಚ್ಚಿದರು. ಅಮ್ಮ ಬಡಿಸಿದ ಎಲೆಯನ್ನು ಪಕ್ಕಕ್ಕೆ ಸರಿಸಿ, ಒಳಗಿನಿಂದ ಉಪ್ಪಿಲ್ಲದ ಅನ್ನ ತಂದು, ಹಾಲು ಹಾಕಿ, ಅಕ್ಕನ ಮುಂದೆ ಇಟ್ಟಳು.