ಕೆಡವುವ ಮುಂಚೆ ತೆಗೆದ ಫೋಟೋಗಳು

ಮನೆ ಕೆಡವಲು ಅಳತೆ ಹಾಕಿಕೊಂಡು ಬಂದವರ ಮುಂದೆ ಯಾರಾದರೂ ಪೌಡರ್ ಹಚ್ಚಿಕೊಂಡು ನಿಲ್ಲುತ್ತಾರಾ?

ಶಿಕಾರಿಪುರದ ನಮ್ಮ ಪೇಟೆ ಬೀದಿಯವರು ನಿಂತಿದ್ದರು. ಸಾಕ್ಷಿ ಸಮೇತ ಹೇಳುತ್ತಿದ್ದೇನೆ. ಕಳೆದ ವಾರ ಆ ಫೋಟೋಗಳನ್ನೆಲ್ಲ ಕೂತು ನೋಡಿದೆ.

ಊರಿನ ಕೆಲವು ಉತ್ಸಾಹಿಗಳು ಸೇರಿ ಹಳೆಯ ಫೋಟೋಗಳ ಪ್ರದರ್ಶನ ಇಡುತ್ತಿದ್ದಾರೆ. ರಸ್ತೆ ಅಗಲ ಮಾಡಿದ್ದು, ಸೇತುವೆ ಕಟ್ಟಿದ್ದು, ಅವೇ. ಎಲ್ಲ ತೆಗೆದವರು ರುದ್ರಪ್ಪ. ಆಗ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದರು, ಈಗ ಷಟರ್ ಎಳೆದು ಆರಾಮಾಗಿದ್ದಾರೆ. ಫೋಟೋಗಳ ಕೆಳಗೆ ಒಂದೊಂದು ಸಾಲು ಬರೆಯುವ ಕೆಲಸ ನನ್ನ ತಲೆಗೆ ಬಂತು. (ಪೇಪರಿಗೆ ಬರೆಯುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಗೃಹಪ್ರವೇಶದ ಕಾರ್ಡಿನಿಂದ ಶ್ರದ್ಧಾಂಜಲಿ ಫ್ಲೆಕ್ಸ್‌ವರೆಗೆ ಎಲ್ಲ ನಾನೇ ಬರೆಯಬೇಕು.)

ಸೇತುವೆಯ ಫೋಟೋಗಳು ಸಲೀಸಾಗಿ ಮುಗಿದವು. ಅವುಗಳಲ್ಲಿ ಎಲ್ಲರೂ ಇದ್ದಾರೆ, ಸೇತುವೆ ಮಾತ್ರ ಇಲ್ಲ! ಹಾರ ಹಾಕಿಕೊಂಡವರು ಒಂದು ಸಾಲು, ಹಾರ ಸಿಗದವರು ಹಿಂದಿನ ಸಾಲು, ಅವರ ಭುಜದ ಮೇಲೆ ಇಣುಕುವ ಅರ್ಧ ಕಂಬ. ಕಾಂಕ್ರೀಟ್ ಹೊತ್ತ ಹೆಂಗಸರು ಎಲ್ಲಿ? ಕೇಳಿದೆ. 'ಅವ್ರಿಗೆ ಸ್ವಲ್ಪ ಆ ಕಡೆ ಸರೀರಿ ಅಂದಿದ್ದೆ' ಎಂದರು ರುದ್ರಪ್ಪ. ನಾನು 'ಸೇತುವೆ ಕಾಮಗಾರಿಯಲ್ಲಿ ಗಣ್ಯರು' ಎಂದು ಬರೆದು ಕೈ ತೊಳೆದುಕೊಂಡೆ.

ಬೀದಿಯ ಫೋಟೋಗಳ ಕಥೆಯೇ ಬೇರೆ. ರಸ್ತೆಗೆ ಹೋಗುವ ಮನೆಗಳ ಗೋಡೆಗೆ ಪುರಸಭೆಯವರು ಕೆಂಪು ಗುರುತು ಹಾಕಿ, ಒಂದೊಂದರ ಫೋಟೋ ತೆಗೆದುಕೊಡಿ ಎಂದು ರುದ್ರಪ್ಪನವರಿಗೆ ಹೇಳಿದ್ದರಂತೆ. ದಾಖಲೆಗೆ ಬೇಕಾಗಿದ್ದದ್ದು ಗೋಡೆ. ಆದರೆ ಸ್ಟುಡಿಯೋದವರು ತಾವಾಗೇ ಮನೆ ಬಾಗಿಲಿಗೆ ಬಂದಿದ್ದಾರೆ! ಬೀದಿಗೆ ಬೀದಿಯೇ ತಲೆ ಬಾಚಿಕೊಂಡಿತು. ಅಂಗಳಕ್ಕೆ ರಂಗೋಲಿ ಬಿತ್ತು. ಮದುವೆ ಸೀರೆಗಳು ಟ್ರಂಕಿನಿಂದ ಎದ್ದು ಬಂದವು. ಒಬ್ಬರು ಮನೆಯೊಳಗಿದ್ದ ಹೊಸ ಮಿಕ್ಸಿಯನ್ನೂ ತಂದು ಕಟ್ಟೆ ಮೇಲೆ ಇಟ್ಟಿದ್ದಾರೆ. ಎಲ್ಲರ ಮುಖದಲ್ಲೂ ನಗು. ತಲೆಯ ಹಿಂದೆ ಕೆಂಪು ಗುರುತು.

ನಗಬೇಡಿ. ನಾವೇನು ಕಡಿಮೆಯಾ? ಕ್ಯಾಮೆರಾ ಕಂಡರೆ ಸಾಕು, ಹೊಟ್ಟೆ ಒಳಗೆಳೆದು ನಿಲ್ಲುತ್ತೇವೆ. ಯಾಕೆ ತೆಗೆಯುತ್ತಿದ್ದೀರಿ ಎಂದು ಕೇಳುವ ಅಭ್ಯಾಸ ಯಾರಿಗಿದೆ?

ಪ್ರದರ್ಶನದ ಸುದ್ದಿ ವಾಟ್ಸಾಪ್ ಗ್ರೂಪಿಗೆ ಬಿದ್ದ ಮಾರನೇ ದಿನ ಗಿರಿಜಕ್ಕ ಬಂದರು. ಕುಬಟೂರಿನಿಂದ ಇದೇ ಬೀದಿಗೆ ಸೊಸೆಯಾಗಿ ಬಂದವರು. ಫೋಟೋ ತೆಗೆದಾಗ ಬಾಣಂತನಕ್ಕೆ ತವರಿಗೆ ಹೋಗಿದ್ದರಂತೆ.

'ನಮ್ಮತ್ತೇದು ಒಂದೂ ಫೋಟೋ ಇಲ್ಲ ಸಾರ್. ಮದುವೆ ಫೋಟೋದಾಗೂ ಇಲ್ಲ. ಕರೆಯಕ್ಕೆ ಹೋದ್ರೆ ಅಡುಗೆಮನೆ ಸೇರ್ಕೊಂಡು ಬಿಡ್ತಿದ್ರು. ಹಿರಿಯರ ಹಬ್ಬದಾಗೆ ಮಾವನ ಫೋಟೋಕ್ಕೆ ಹಾರ ಹಾಕ್ತೀವಿ. ಅತ್ತೆಗೆ ಬರೀ ಒಂದು ಸೀರೆ ಮಡಚಿಡೋದು. ಮೊಮ್ಮಕ್ಳು ಅಜ್ಜಿ ಹೆಂಗಿದ್ರು ಅಂತ ಕೇಳ್ತಾವೆ. ಏನ್ ತೋರ್ಸಲಿ? ಬೀದಿಯೋರೆಲ್ಲ ನಿಂತಿದ್ರಲ್ಲ ಅವತ್ತು, ಅವ್ರೂ ನಿಂತಿರ್ತಾರೆ, ನೋಡ್ರಿ.'

ರುದ್ರಪ್ಪನವರೂ ಜೊತೆಗೆ ಕೂತರು, ನೋಡಿದೆವು. ಬಲಗಡೆ ಮನೆಯವರು ಸಾಲಾಗಿ ನಿಂತಿದ್ದಾರೆ. ಎಡಗಡೆ ಮನೆಯವರು ಕುರ್ಚಿ ಹಾಕಿಕೊಂಡಿದ್ದಾರೆ. ನಡುವೆ ಗಿರಿಜಕ್ಕನ ಮನೆ. ಗೋಡೆ ಇದೆ, ಕೆಂಪು ಗುರುತಿದೆ. ಬಾಗಿಲು ಮುಚ್ಚಿದೆ.

ಗಿರಿಜಕ್ಕ ಫೋಟೋವನ್ನು ಕಿಟಕಿ ಬೆಳಕಿಗೆ ಹಿಡಿದರು. ಎಲ್ಲಾದರೂ ಸೆರಗಿನ ತುದಿಯಾದರೂ ಕಂಡೀತೇನೋ ಎಂದು ನಾನೂ ಕನ್ನಡಕ ಒರೆಸಿಕೊಂಡೆ. ಏನೂ ಇರಲಿಲ್ಲ. ಅವರ ಮುಖ ನೋಡಿ ನನಗೆ ಬೇಸರವಾಯಿತು.

'ಊರಲ್ಲಿ ಇರ್ಲಿಲ್ವೇನೋ' ಎಂದೆ, ಸಮಾಧಾನಕ್ಕೆ.

'ಇದ್ರು' ಎಂದರು ರುದ್ರಪ್ಪ. 'ನಾನೇ ಕರೆದೆ. ಅಮ್ಮಾ, ಹೊರಗೆ ಬಂದು ನಿಂತ್ಕೊಳ್ರಿ, ಫೋಟೋ ತೆಗಿತೀನಿ ಅಂದೆ. ಯಾಕಪ್ಪಾ ಅಂದ್ರು. ರೋಡ್ ಅಗಲ ಮಾಡ್ತಾರಲ್ರೀ, ಅದಕ್ಕೆ ಅಂದೆ. ಬೀಳೋದು ಗೋಡೆ ಅಲ್ವಾ, ಗೋಡೇದೇ ತೆಕ್ಕೋ ಅಂತ ಒಳಗೆ ಹೋಗಿ ಅಗಳಿ ಹಾಕ್ಕೊಂಡ್ರು.'

ಗಿರಿಜಕ್ಕನಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡರು. 'ಅವ್ರೇ. ಖರೇ ನಮ್ಮತ್ತೇನೇ.'

ಇಡೀ ಬೀದಿಯಲ್ಲಿ ಯಾಕೆ ಎಂದು ಕೇಳಿದವರು ಅವರೊಬ್ಬರೇ. ಕೇಳಿದ್ದರಿಂದ ರಸ್ತೆಯೇನೂ ನಿಲ್ಲಲಿಲ್ಲ. ಮನೆಯ ಮುಂಭಾಗ ಪಕ್ಕದವರದ್ದರ ಜೊತೆಗೇ ಬಿತ್ತು. ಈಗ ಅಲ್ಲಿ ಬೈಕ್ ನಿಲ್ಲಿಸುತ್ತಾರೆ. ನಕ್ಕವರ ಮೊಮ್ಮಕ್ಕಳಿಗೆ ಅಜ್ಜ ಅಜ್ಜಿಯರ ಫೋಟೋವಾದರೂ ಸಿಕ್ಕಿತು. ನಗದಿದ್ದವರ ಮೊಮ್ಮಕ್ಕಳಿಗೆ ಸಿಕ್ಕಿದ್ದು ಮುಚ್ಚಿದ ಬಾಗಿಲು. ಇದರಲ್ಲಿ ಲಾಭ ಯಾರಿಗಾಯಿತು? ಯೋಚಿಸಿದಷ್ಟೂ ನನಗಂತೂ ಬಗೆಹರಿಯುತ್ತಿಲ್ಲ.

ಅಷ್ಟರಲ್ಲಿ ಪ್ರದರ್ಶನದ ಮುಖ್ಯಸ್ಥರು ಬಂದರು. ಫೋಟೋ ಎತ್ತಿ ನೋಡಿ, 'ಇದರಲ್ಲಿ ಜನಾನೇ ಇಲ್ಲ, ಬಿಟ್ಬಿಡಣ ಸಾರ್. ಜಾಗ ಬೇರೆ ಕಡಿಮೆ ಐತಿ' ಎಂದರು.

'ಬಿಡಬ್ಯಾಡ್ರಿ, ಹಾಕ್ರಿ' ಎಂದರು ಗಿರಿಜಕ್ಕ. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

'ಹಾಕೋಣ. ಆದ್ರೆ ಕೆಳಗೆ ಏನಂತ ಬರೀಲಿ ಗಿರಿಜಕ್ಕ?' ಎಂದೆ.

'ಮನೆಯವರು ಒಳಗಿದ್ದಾರೆ ಅಂತ ಬರೀರಿ.'