ಅತ್ತಿಗೆಯ ದನಿ ರೀಲ್ಸ್ ಆದ ಮೇಲೆ

ಮೊನ್ನೆ ಭಾನುವಾರ ನಮ್ಮ ಅಣ್ಣನ ಮಗಳು ಚೈತ್ರಳನ್ನು ನೋಡಲು ನಂಗಲಿಯಿಂದ ಗಂಡಿನ ಕಡೆಯವರು ಬಂದಿದ್ದರು. ಅವರು ನಮ್ಮ ಮನೆಯಲ್ಲಿ ಇದ್ದಷ್ಟು ಹೊತ್ತೂ ಚೈತ್ರಳ ತಾಯಿ, ಅಂದರೆ ನನ್ನ ಅತ್ತಿಗೆ, ಸರಿಯಾಗಿ ಒಂದು ಮಾತೂ ಆಡಲಿಲ್ಲ.

ಅತ್ತಿಗೆಯನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವ ಹೆಂಗಸರಿಗೆಲ್ಲ ಅವರೇ ಮುಂದಾಳು. ಗೇಟಿನ ಹತ್ತಿರ ಬರುವಷ್ಟರಲ್ಲೇ ಅವರ ದನಿ ಕೇಳಿಸುತ್ತದೆ. ಅರ್ಧ ಕನ್ನಡ, ಅರ್ಧ ತೆಲುಗು, ನಡುವೆ ಲಾರಿಯವರಿಂದ ಕಲಿತ ನಾಲ್ಕು ಉರ್ದು ಮಾತು.

ಹೋದ ಸೀಸನ್ನಿನಲ್ಲಿ ಒಂದು ಆಲ್ಬಂ ಸಾಂಗಿನ ತಂಡ ನಮ್ಮೂರಿಗೆ ಶೂಟಿಂಗಿಗೆ ಬಂತು. ಹಳ್ಳಿ ಹುಡುಗಿಯ ಮೇಲಿನ ಹಾಡು.

ನಮ್ಮ ಕಡೆ ಕಾಯನ್ನು ಹಸಿರಿರುವಾಗಲೇ ಕೀಳುತ್ತಾರೆ. ತಂಡದವರಿಗೆ ಮರದಲ್ಲೇ ಹಳದಿ ಹಣ್ಣು ಬೇಕಿತ್ತು. ಮಂಡಿಯಿಂದ ಹಣ್ಣು ಕೊಂಡು ತಂದು, ಮಂಡಿಯ ಪಕ್ಕದ ತೋಟದಲ್ಲಿ ದಾರದಿಂದ ಕೊಂಬೆಗೆ ಕಟ್ಟಿದರು. ನಾವೆಲ್ಲ ನಿಂತು ನೋಡಿ ನಕ್ಕೆವು. ಆಗ ನಗು ನಮ್ಮದಾಗಿತ್ತು...

ನಾಯಕಿಗೆ ಲಂಗ ದಾವಣಿ, ಕಾಲಿಗೆ ಗೆಜ್ಜೆ, ಕಂಕುಳಲ್ಲಿ ಬುಟ್ಟಿ. ಅಲ್ಲೇ ಪಕ್ಕದಲ್ಲಿ ನಿಜವಾಗಿ ಬುಟ್ಟಿ ಹೊರುತ್ತಿದ್ದ ಅತ್ತಿಗೆ ನೈಟಿಯ ಮೇಲೆ ಅಣ್ಣನ ಹಳೆಯ ತುಂಬು ತೋಳಿನ ಶರ್ಟು ಹಾಕಿ, ತಲೆಗೆ ಟವೆಲ್ ಸುತ್ತಿದ್ದರು. ಮಾವಿನ ಸೊನೆ ತಾಗಿದರೆ ಚರ್ಮ ಸುಡುತ್ತದೆ. ಮಂಡಿಯ ಹೆಂಗಸರೆಲ್ಲ ಹೀಗೇ ಇರುತ್ತಾರೆ.

ಮಂಡಿಯ ಆಳೊಬ್ಬ ಕಾಯಿಯನ್ನು ದೊಪ್ಪನೆ ಎತ್ತಿ ಹಾಕಿದ. ಅತ್ತಿಗೆ ಬೈದರು.

"ಲೇ, ಮೆತ್ತಗೆ ಇಕ್ಕೋ! ಅದೇನು ಕಲ್ಲಾ? ದೆಬ್ಬ ತಗುಲಿದ್ ಕಾಯಿನ ನಿಮ್ಮತ್ತೆ ಕೊಂಡ್ಕೊಂತಾಳಾ?"

ತಂಡದವರು ಓಡಿ ಬಂದರು. "ಅಮ್ಮಾ, ಸೂಪರ್! ಇನ್ನೊಂದ್ಸಲ ಬೈರಿ." ಅತ್ತಿಗೆ ಸೆರಗಿಲ್ಲದ ನೈಟಿಯಲ್ಲೇ ನಾಚಿಕೊಂಡು, ನಗುತ್ತಾ, ಕ್ಯಾಮೆರಾ ಮುಂದೆ ಮತ್ತೆ ಬೈದರು. ಮನೆಗೆ ಬಂದು ಬೀದಿಗೆಲ್ಲ ಹೇಳಿದರು.

ಹಾಡು ಬಂದ ದಿನ ಎಲ್ಲರೂ ಟಿವಿ ಮುಂದೆ ಕೂತೆವು. ನಾಯಕಿ ಹಾಡಿನುದ್ದಕ್ಕೂ ತುಟಿ ಬಿಚ್ಚುವುದಿಲ್ಲ, ಮುಗುಳ್ನಗುತ್ತಾಳೆ ಅಷ್ಟೆ. ನಡುವೆ ಸಂಗೀತ ನಿಲ್ಲುತ್ತದೆ. ಅತ್ತಿಗೆಯ ಮುಖ, ಅತ್ತಿಗೆಯ ಬೈಗುಳ. ನಾಯಕ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಬೀಳುತ್ತಾನೆ.

ಅಣ್ಣ ನಗಲು ಹೋಗಿ, ಅರ್ಧಕ್ಕೇ ನಿಲ್ಲಿಸಿದ.

ಆ ಬೈಗುಳವನ್ನಷ್ಟೇ ಕತ್ತರಿಸಿದ ಆಡಿಯೋ ಊರೂರು ತಿರುಗಿತು. ಗಂಡಸರು ನೈಟಿ ಮೇಲೆ ಶರ್ಟು ಹಾಕಿ, ಮುಖಕ್ಕೆ ಮಸಿ ಬಳಿದು ರೀಲ್ಸ್ ಮಾಡಿದರು. ಮುಖಕ್ಕೆ ಮಸಿ ಯಾಕೆ ಅಂತ ಯಾರೂ ಕೇಳಲಿಲ್ಲ. ಚೈತ್ರ ಕೆಲಸ ಮಾಡುವ ಕೋಲಾರದ ಆಫೀಸಿನಲ್ಲೂ ಊಟದ ಹೊತ್ತಿಗೆ ಅದೇ. ಅದು ತನ್ನ ತಾಯಿಯ ದನಿ ಎಂದು ಅವಳು ಅಲ್ಲಿ ಹೇಳಲಿಲ್ಲ.

ಬದಲಿಗೆ ಬಾಡಿಗೆಗೆ ಒಂದು ದಾವಣಿ ತಂದು ನಮ್ಮ ತೋಟದಲ್ಲೇ ಫೋಟೋ ತೆಗೆಸಿಕೊಂಡಳು. ನಮ್ಮ ಮನೆಯಲ್ಲಿ ಯಾರೂ ದಾವಣಿ ಉಟ್ಟಿದ್ದು ನಾನು ನೋಡಿಲ್ಲ. ಹಳ್ಳಿಯಲ್ಲೇ ಹುಟ್ಟಿದ ಹುಡುಗಿ, ಹಳ್ಳಿ ಹುಡುಗಿಯಂತೆ ಕಾಣಲು ಬಟ್ಟೆ ಬಾಡಿಗೆಗೆ ತಂದಿದ್ದಳು.

ಅವಳೊಬ್ಬಳ ಮಾತಲ್ಲ. ಪತ್ರಿಕೆಗಳ ವಿಶೇಷಾಂಕಗಳನ್ನು ನಾನೂ ಚಿಕ್ಕಂದಿನಿಂದ ನೋಡುತ್ತಾ ಬಂದವನು. ಮುಖಪುಟದ ಹಳ್ಳಿ ಹೆಣ್ಣಿನ ಕೈಯಲ್ಲಿ ಸೊನೆಯ ಕಲೆ ಕಂಡ ನೆನಪಿಲ್ಲ.

ಹೆಣ್ಣು ನೋಡುವ ದಿನಕ್ಕೆ ಬರೋಣ.

ಹುಡುಗನಿಗೆ ಹೈವೇ ಪಕ್ಕದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಚೈತ್ರಳಿಗೆ ಅವನು ಮೊದಲೇ ಪರಿಚಯ, ಇಷ್ಟವೂ ಆಗಿದ್ದ. ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ತಾಯಿಗೆ ಹೇಳುತ್ತಿದ್ದುದು ನನಗೂ ಕೇಳಿಸಿತು.

"ಅಮ್ಮಾ, ಅವರ್ ಮುಂದೆ ಜಾಸ್ತಿ ಮಾತಾಡ್ಬೇಡ ಕಣಮ್ಮ. ದನಿ ಗುರ್ತು ಹಿಡಿದ್ಬಿಡ್ತಾರೆ."

ಅತ್ತಿಗೆ ಒಗ್ಗರಣೆ ಹಾಕುತ್ತಿದ್ದವರು ತಿರುಗಿ ನೋಡಲಿಲ್ಲ. "ಆಯ್ತು" ಅಂದರು.

ಹುಡುಗನ ತಾಯಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರು ಮಾಡಿದರು. ಅದೇ ಅರ್ಧ ಕನ್ನಡ, ಅರ್ಧ ತೆಲುಗು. ಕಣ್ಣು ಮುಚ್ಚಿದರೆ ನಮ್ಮ ಅತ್ತಿಗೆಯೇ!

"ಏನ್ ವದಿನಾ, ಬಾಯಲ್ಲಿ ಎಲೆ ಅಡಿಕೆ ಇಕ್ಕೊಂಡಿದ್ದೀರಾ? ಮಂಡಿ ಸಮಾಚಾರ ಏನಾದ್ರೂ ಹೇಳ್ರೀ. ನಿಮ್ಮ ಬಾಯಿ ಬಲು ಜೋರಂತೆ, ಕೇಳೇ ಬಂದಿದ್ದೀನಿ!"

ನಮ್ಮ ಕಡೆ ಬೀಗರಾಗುವ ಹೆಂಗಸರು ಒಬ್ಬರನ್ನೊಬ್ಬರು ವದಿನಾ, ಅಂದರೆ ಅತ್ತಿಗೆ, ಅನ್ನುವುದು ಅರ್ಧ ಒಪ್ಪಿಗೆ ಕೊಟ್ಟ ಹಾಗೆ. ಆ ಕಡೆಯಿಂದಲೂ ವದಿನಾ ಅನ್ನಬೇಕು, ಮಾತಿಗೆ ಮಾತು ಕೂಡಬೇಕು.

ಅತ್ತಿಗೆ ಮಗಳ ಮುಖ ನೋಡಿದರು. ಮೈಸೂರುಪಾಕಿನ ತಟ್ಟೆಯನ್ನು ಮುಂದಕ್ಕೆ ಸರಿಸಿ, ಟಿವಿ ಸೀರಿಯಲ್ಲಿನ ಸೊಸೆಯಂತೆ ಸಣ್ಣ ದನಿಯಲ್ಲಿ "ತೆಗೆದುಕೊಳ್ಳಿ" ಅಂದರು.

ಆ ಹೆಂಗಸಿನ ನಗು ಮೆಲ್ಲಗೆ ಇಳಿದದ್ದನ್ನು ನಾನು ನೋಡಿದೆ. ನಾನಾದರೂ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ... ಸಂಬಂಧ ಕುದುರಲಿ ಅಂತ ಎಲ್ಲರೂ ಸುಮ್ಮನಿದ್ದೆವು.

ಮಂಗಳವಾರ ಮಧ್ಯಸ್ಥರ ಫೋನು ಬಂತು. "ಹುಡುಗಿ ಒಪ್ಪಿಗೆನೇ. ಆದ್ರೆ ಹುಡುಗಿ ತಾಯಿಗೆ ಮನಸ್ಸಿಲ್ಲ ಅಂತ ಅವರಿಗೆ ಅನ್ನಿಸ್ಬಿಡ್ತಂತೆ. ವದಿನಾ ಅಂದ್ರೂ ಪಲಕಲಿಲ್ಲ, ತಿರುಗಿ ವದಿನಾ ಅನ್ಲಿಲ್ಲ, ನಮ್ಮ ಭಾಷೆ ಅವರಿಗೆ ಸಸಾರ ಆಯ್ತೇನೋ ಅಂತಾರೆ. ಬೇರೆ ಕಡೆ ಮಾತಾಡ್ತಾವ್ರೆ."

ಅಣ್ಣ ಫೋನು ಮಾಡಿ ವಿವರಿಸಲು ನೋಡಿದ. ಏನಂತ ವಿವರಿಸುವುದು? ಹೆಂಡತಿಯ ದನಿಗೆ ನಾವೇ ನಾಚಿಕೊಂಡೆವು ಅಂತಲೇ? "ಹುಷಾರಿರಲಿಲ್ಲ" ಅಂದ. ಅವರು ನಂಬಲಿಲ್ಲ.

ಚೈತ್ರ ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಅಳುತ್ತಿದ್ದಾಳೆ. "ಬೈಯಮ್ಮಾ, ನನ್ನ ಬೈಯಿ" ಅನ್ನುತ್ತಿದ್ದಾಳೆ.

ಅತ್ತಿಗೆ ಸೊನೆಯ ಕಲೆಯ ಕೈಯಿಂದ ಅವಳ ತಲೆ ಸವರುತ್ತಾ ಕೂತಿದ್ದಾರೆ. ಬೈಯಲು ಅವರಿಗೆ ದನಿಯೇ ಏಳುತ್ತಿಲ್ಲ.

ನಿಮ್ಮ ಮನೆಯಲ್ಲೂ, ಬಂದವರೆದುರು ಯಾರಿಗಾದರೂ ಮಾತಾಡಬೇಡ ಅಂದಿದ್ದೀರಾ?