ಕಣ್ಣು ಮುಚ್ಚಿಸಿ ಬೈದವರು

ಎದುರಿಗೆ ನಿಂತು ಬೈದವನಿಗೆ ಉತ್ತರ ಕೊಡಬಹುದು. ಬೆನ್ನ ಹಿಂದೆ ಆಡಿಕೊಂಡವನನ್ನು ಹಿಡಿದು ಕೇಳಬಹುದು. ಆದರೆ ಮಂದಿಯನ್ನೆಲ್ಲ ಕೂರಿಸಿ, ಅವರ ಕಣ್ಣು ಮುಚ್ಚಿಸಿ, ದೇವರ ಹೆಸರು ಹಿಡಿದು ಬೈಯುವವನಿಗೆ ಏನು ಮಾಡಬೇಕು? ಪ್ರಾರ್ಥನೆಯ ನಡುವೆ ಬಾಯಿ ಹಾಕಿದರೆ ನೀನೇ ದೇವರ ವಿರೋಧಿ. ಸುಮ್ಮನಿದ್ದರೆ ಅವನು ಅಂದದ್ದೆಲ್ಲ ಖರೆ ಎಂದು ಒಪ್ಪಿಕೊಂಡಂತೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಸಿಂಧನೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಆರನೇ ತರಗತಿಗೆ ಶಾಲೆ ಬಿಟ್ಟೆ. ಟ್ರ್ಯಾಕ್ಟರ್ ಟ್ರಾಲಿ, ಭತ್ತದ ಗದ್ದೆಯ ಕೆಸರಿನಲ್ಲಿ ಓಡಿಸುವ ಕಬ್ಬಿಣದ ಗಾಲಿ ಮಾಡುತ್ತೇನೆ. ಗೊರೇಬಾಳ, ಮುಕ್ಕುಂದ ಎಲ್ಲಿ ಹೋದರೂ ಯಾವುದಾದರೂ ಗದ್ದೆಯಲ್ಲಿ ನನ್ನ ಕೈಯ ಗಾಲಿ ಕಾಣುತ್ತದೆ. ನಾವು ಭಾನುವಾರ ಪ್ರಾರ್ಥನೆಗೆ ಸೇರುವ ಸಭೆಯ ಗೇಟನ್ನೂ ನಾನೇ ಮಾಡಿದ್ದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ದುಡಿದದ್ದನ್ನು ದುಡಿದೆ ಎನ್ನುವುದು ಗರ್ವವಾದರೆ ಆಗಲಿ.

ನನ್ನ ತಂಗಿಯನ್ನು ಪಾಮನಕಲ್ಲೂರಿಗೆ ಕೊಟ್ಟಿದ್ದೆವು. ಗಂಡ ನಮ್ಮಂತೆಯೇ ಯೇಸುಸ್ವಾಮಿಯನ್ನು ನಂಬಿದ ಮನೆತನದವನು. ಪ್ರಾರ್ಥನೆಯಲ್ಲಿ ಢೋಲಕ್ ಬಾರಿಸಿ ಹಾಡಿದರೆ ಮಂದಿ ಅಳುತ್ತಿದ್ದರು. ಮನೆಗೆ ಹೋದ ಮೇಲೆ ಅದೇ ಕೈ ಇವಳ ಮೇಲೆ ಬೀಳುತ್ತಿತ್ತು. ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಚೀಲ ಹಿಡಿದು, ಮಸ್ಕಿಯಲ್ಲಿ ಬಸ್ಸು ಬದಲಿಸಿ, ನಮ್ಮ ಮನೆಗೆ ಬಂದುಬಿಟ್ಟಳು. ಕೆಳತುಟಿ ಒಡೆದಿತ್ತು.

"ಏನಾತವ್ವಾ?" ಎಂದೆ.

"ಏನಿಲ್ಲಣ್ಣಾ. ನಾ ಇನ್ನ ಅಲ್ಲಿಗೆ ಹೋಗಂಗಿಲ್ಲ."

ಅಷ್ಟೇ. ಮರುವಾರವೇ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡತೊಡಗಿದಳು. ನನ್ನ ಹೆಂಡತಿ ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ.

ನಮ್ಮ ಸಭೆಗೆ ಒಬ್ಬರು ಹಿರಿಯರಿದ್ದಾರೆ. ಲಿಂಗಸುಗೂರಿನಲ್ಲಿ ಮೇಷ್ಟ್ರಾಗಿದ್ದು, ರಿಟೈರ್ ಆದಮೇಲೆ ಸಿಂಧನೂರಿಗೆ ಬಂದು ಮನೆ ಕಟ್ಟಿಸಿದವರು. ಸಭಾಪಾಲಕರು ಇನ್ನೂ ಹುಡುಗ ವಯಸ್ಸಿನವರು, ಈ ಹಿರಿಯರ ಮಾತು ದಾಟುವವರಲ್ಲ. ಹಿರಿಯರ ಹೆಂಡತಿ ಸಿಕ್ಕವರನ್ನೆಲ್ಲ ಬಾಯಿ ತುಂಬ ಮಾತಾಡಿಸುವ ಹೆಂಗಸು. ನಮ್ಮಲ್ಲಿ ಕಷ್ಟ ಬಂದವರು ಅದನ್ನು ಇನ್ನೊಬ್ಬ ವಿಶ್ವಾಸಿಗೆ ಪ್ರಾರ್ಥನೆಯ ವಿಷಯವೆಂದು ಹೇಳಿಕೊಳ್ಳುವ ರೂಢಿಯಿದೆ. ಕೇಳಿದವರು ಅದನ್ನು ಮನೆಯಲ್ಲಿ ಮಂಡಿಯೂರಿ ದೇವರಿಗೆ ಒಪ್ಪಿಸಬೇಕು. ತಂಗಿ ನಂಬಿ ಹಿರಿಯರ ಹೆಂಡತಿಯ ಮುಂದೆ ಹೇಳಿಕೊಂಡಳು: ಗಂಡನನ್ನು ಕ್ಷಮಿಸಲು ಮನಸ್ಸು ಒಪ್ಪುತ್ತಿಲ್ಲ, ಪ್ರಾರ್ಥನೆಗೆ ಕೂತರೆ ಬಾಯಿ ಕಟ್ಟುತ್ತದೆ, ನನ್ನ ಸಲುವಾಗಿ ಬೇಡಿಕೊಳ್ಳಿರಿ. ನನ್ನ ಮುಂದೆ ಕೂಡ ಆಡದ ಮಾತು ಅದು.

ಅದಾದ ಮೇಲಿನ ಭಾನುವಾರ ಪಾಲಕರು, ಗುಡಿಗೆ ಪ್ರಾರ್ಥನೆಗೆ ಹೋದ ಇಬ್ಬರ ಬೈಬಲ್ ಕಥೆ ಹೇಳಿದ್ದರು. ಒಬ್ಬ ಎದೆ ಸೆಟೆದು ನಿಂತು, ನಾನು ಅಗೋ ಅವನಂತಲ್ಲ, ಅದಕ್ಕಾಗಿ ನಿನಗೆ ಸ್ತೋತ್ರ ಎಂದನಂತೆ. ಇನ್ನೊಬ್ಬ ದೂರದಲ್ಲೇ ನಿಂತು ಎದೆ ಬಡಿದುಕೊಂಡನಂತೆ. ಪಾಲಕರು ಮೊದಲನೆಯವನ ಗತ್ತನ್ನು ಮಾಡಿ ತೋರಿಸಿದಾಗ ಎಲ್ಲರೂ ನಕ್ಕೆವು. ಹಿರಿಯರೂ ಮುಂದಿನ ಸಾಲಿನಲ್ಲಿ ತಲೆದೂಗಿ ನಕ್ಕರು.

ಬುಧವಾರ ಸಂಜೆ ಮನೆಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ನನ್ನ ಹೆಂಡತಿ ಮಂಡಕ್ಕಿಗೆ ಒಗ್ಗರಣೆ ಹಾಕಿ, ಚಹಾಕ್ಕೆ ಇಟ್ಟಿದ್ದಳು. ಹಿರಿಯರು ತಮ್ಮ ಮೈಕು, ಸ್ಪೀಕರ್ ತಂದಿದ್ದರು. ಚಾಪೆಯ ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಗೆ ಕೇಳುವಷ್ಟು ನಮ್ಮ ಪಡಸಾಲೆ. ಅದಕ್ಕೆ ಮೈಕು! ಹಾಡು ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿದೆವು. ಹಿರಿಯರು ಶುರು ಮಾಡಿದರು.

"ಪರಲೋಕದ ತಂದೆಯೇ, ಈ ಮನೆಯಲ್ಲಿ ಆಶ್ರಯ ಪಡೆದಿರುವ ನಿನ್ನ ಮಗಳನ್ನು ನೋಡು. ಗಂಡನನ್ನು ಕ್ಷಮಿಸಲಾರೆನೆಂದು ಹೃದಯವನ್ನು ಕಲ್ಲು ಮಾಡಿಕೊಂಡಿದ್ದಾಳೆ. ತವರಿನ ಅನ್ನದಿಂದ ಅವಳಿಗೆ ಮದ ಬಂದಿದೆ. ಅವಳ ಅಹಂಕಾರವನ್ನು ಮುರಿ, ಕರ್ತನೇ! ತಗ್ಗಿ ನಡೆಯುವುದನ್ನು ಕಲಿಸು. ಅಕ್ಷರವಿಲ್ಲದ ಇವಳ ಅಣ್ಣನಿಗೂ ತಿಳಿವಳಿಕೆ ಕೊಡು..."

ಸುತ್ತಲೂ "ಸ್ತೋತ್ರ, ಸ್ತೋತ್ರ" ಎನ್ನುತ್ತಿದ್ದರು. ನಾನು ಕಣ್ಣು ತೆರೆದೆ. ತಂಗಿ ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಕೂತಿದ್ದಳು. ಭುಜ ಅಲುಗುತ್ತಿತ್ತು. ಪಕ್ಕದಲ್ಲೇ ಹಿರಿಯರ ಹೆಂಡತಿ ಕಣ್ಣು ಮುಚ್ಚಿ ತೂಗಾಡುತ್ತ, ಎಲ್ಲರಿಗಿಂತ ಜೋರಾಗಿ ಸ್ತೋತ್ರ ಹೇಳುತ್ತಿದ್ದರು.

"ಆಮೆನ್!" ಎಂದು ಕೂಗಿಬಿಟ್ಟೆ.

ರೂಢಿಯಂತೆ ಮಂದಿಯೆಲ್ಲ "ಆಮೆನ್" ಎಂದು ಕಣ್ಣು ತೆರೆದರು. ಹಿರಿಯರ ಬಾಯಿ ಮಾತ್ರ ತೆರೆದಂತೆಯೇ ಇತ್ತು. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು, "ಇವತ್ತ ಜಲ್ದಿ ಮುಗೀತಲ್ಲ, ಚಲೋ ಆತು. ಚಾ ತರ್ರಿ," ಎಂದಳು.

ಮಂದಿ ಚಹಾ ಕುಡಿಯುವಾಗ ಹಿರಿಯರು ನನ್ನನ್ನು ಹೊರಗೆ ಕರೆದರು.

"ನಡುವ ಆಮೆನ್ ಅಂತೀಯಲ್ಲ, ತಲಿ ನೆಟ್ಟಗ ಐತೋ ಇಲ್ಲೋ?"

"ನಮ್ಮ ಮನ್ಯಾಗ ಕುಂತು ನನ್ನ ತಂಗೀನ ಬೈತೀರಲ್ಲ ಸಾರ್, ನಿಮಗ ಏನೂ ಅನಸಂಗಿಲ್ಲೇನು?"

"ನಾ ಯಾರನ್ನೂ ಬೈದಿಲ್ಲ. ದೇವರ ಮುಂದ ಹೇಳಿದೆ. ನಿನಗ ಯಾರು ಕೇಳಂದ್ರು?"

"ದೇವರಿಗೆ ಕಿವಿ ಕೇಳಸಂಗಿಲ್ಲೇನ್ರಿ, ಮೈಕ್ ಹಚ್ಚಿ ಹೇಳಾಕ?"

"ನೋಡಿದ್ಯಾ, ಇದಕ್ಕ ಗರ್ವ ಅನ್ನೋದು. ನಾಕಕ್ಷರ ಕಲ್ತಿದ್ರ ತಿಳೀತಿತ್ತು. ದೀನತಿ ಬೇಕಪಾ, ದೀನತಿ."

"ಬೇಕಾದ್ರ ಮೊದ್ಲ ನೀವ ಇಟ್ಕೋರಿ. ನಮಗ ಹಂಚಾಕ ಬರಬ್ಯಾಡ್ರಿ."

ಅವರ ಮುಖ ಕೆಂಪಾಯಿತು. ದನಿ ತಗ್ಗಿಸಿ ಹೇಳಿದರು: "ಬರೋ ಐತವಾರ ಆಕಿ ಗಂಡನ್ನ ಕರಸೀನಿ. ಸಭಾದಾಗ ಎಲ್ಲರ ಮುಂದ ಆಕಿ ಮಣಕಾಲೂರಿ ಮಾಫಿ ಕೇಳಿ, ಅವನ ಜೋಡಿ ಹೋಗ್ಲಿ. ಇಲ್ಲಾಂದ್ರ ಆಕಿಗೆ ಕರ್ತನ ಭೋಜನ ಕೊಡಬ್ಯಾಡ್ರಿ ಅಂತ ಪಾಲಕರಿಗೆ ನಾನ ಹೇಳ್ತೀನಿ."

ರೊಟ್ಟಿಯ ತುಂಡು, ದ್ರಾಕ್ಷಾರಸ. ತಿಂಗಳಿಗೊಮ್ಮೆ ಬರುವ ಆ ಭೋಜನಕ್ಕೆ ತಂಗಿ ಹಿಂದಿನ ದಿನವೇ ಸೀರೆ ಒಗೆದು ಕಾಯುತ್ತಿದ್ದಳು. ಅದನ್ನು ತಪ್ಪಿಸುವುದೆಂದರೆ ನೀನು ನಮ್ಮವಳಲ್ಲ ಎಂದು ಊರೆದುರು ಹೇಳಿದಂತೆ.

ನನಗೆ ಓದು ಕಡಿಮೆ. ಆದರೆ ಸ್ವಾಮಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಕಥೆ ಚಿಕ್ಕಂದಿನಿಂದ ಕೇಳಿದ್ದೇನೆ. ಅಲ್ಲಿ ಬಗ್ಗಿದವನು ಸ್ವಾಮಿಯೇ. ಶಿಷ್ಯರ ಕತ್ತು ಹಿಡಿದು ಬಗ್ಗಿಸಿದನೆಂದು ನಾನಂತೂ ಎಲ್ಲೂ ಕೇಳಿಲ್ಲ. ಇವರು ಆ ಕಥೆಯಲ್ಲಿ ಏನನ್ನು ಓದಿದರು? ತುಟಿ ಒಡೆದವನಿಗೆ ಢೋಲಕ್, ಒಡೆಸಿಕೊಂಡವಳಿಗೆ ದೀನತೆಯ ಪಾಠ! ಹೊಡೆಯುವವನ ಅಹಂಕಾರ ಮುರಿಯೆಂದು ಯಾವ ಬುಧವಾರವೂ ಯಾರೂ ಮೈಕಿನಲ್ಲಿ ಬೇಡಿದ್ದಿಲ್ಲ.

ಒಳಗೆ ತಂಗಿ ಚಾಪೆ ಸುತ್ತುತ್ತಿದ್ದಳು. ಹಿರಿಯರು ಅಂದದ್ದನ್ನು ಹೇಳಿದೆ. "ಐತವಾರ ಹೋಗೋದ ಬ್ಯಾಡ. ಸಿಂಧನೂರಾಗ ಇದೊಂದ ಸಭಾ ಅಲ್ಲ," ಎಂದೆ.

"ಯಣ್ಣಾ, ನೀ ಸಿಟ್ಟಾಗಿದ್ದು ನನ್ನ ಸಲುವಾಗೋ, ಅಕ್ಷರ ಇಲ್ಲ ಅಂದಿದ್ದಕ್ಕೋ?"

"ಎರಡಕ್ಕೂ."

ಅತ್ತ ಮುಖದಲ್ಲೇ ನಕ್ಕಳು. "ನಾ ಹೋಗ್ತೀನಿ. ನನ್ನ ದೇವರನ್ನೇನು ಅವರ ಮನ್ಯಾಗಿಂದ ಕೈಗಡ ಇಸ್ಕೊಂಡು ಬಂದೀನೇನು, ಕೇಳಿದ ಕೂಡ್ಲೆ ತಿರಗಿ ಕೊಡಾಕ?"

ಭಾನುವಾರ ಗಂಡ ಬೈಕಿನಲ್ಲಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿರಿಯರು ಅವನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಪಾಲಕರ ಉಪದೇಶ ಮುಗಿದ ಮೇಲೆ ಹಿರಿಯರು ಎದ್ದು ನಿಂತು, "ಸಹೋದರಿ, ಮುಂದೆ ಬಾ. ನಿನ್ನನ್ನು ತಗ್ಗಿಸಿಕೋ," ಎಂದರು. ತಂಗಿ ಎದ್ದು ಹೋದಳು. ಯಾರೂ ಒತ್ತಾಯಿಸುವ ಮೊದಲೇ ಮಂಡಿಯೂರಿದಳು. ಹಿರಿಯರ ಮುಖ ಅರಳಿತು. ನನಗೆ ಎದ್ದು ಹೋಗಿ ಅವಳ ರಟ್ಟೆ ಹಿಡಿದು ಎಬ್ಬಿಸಬೇಕೆನಿಸಿತು. ಆಕೆ ಕಣ್ಣು ಮುಚ್ಚಿ ಕೈ ಮುಗಿದಳು. ಪ್ರಾರ್ಥನೆಯೆಂದು ಸಭೆಯೂ ಕಣ್ಣು ಮುಚ್ಚಿತು. ಹಿರಿಯರೂ ಮುಚ್ಚಲೇಬೇಕಾಯಿತು. ನಾನು ಮುಚ್ಚಲಿಲ್ಲ.

"ಯೇಸಪ್ಪಾ, ನನ್ನ ಗಂಡ ಇವರು ನನಗೇನು ಮಾಡ್ಯಾರ ನಿನಗ ಗೊತ್ತೈತಿ. ಇಷ್ಟು ಮಂದ್ಯಾಗ ಅದನ್ನ ತಗದು ಇವರ ಮಾರಿ ಕೆಳಗ ಮಾಡಂಗಿಲ್ಲ ನಾನು. ಇವರ ತಾಯಿ ನನ್ನ ಚಲೋ ನೋಡ್ಕೊಂಡಾಳ, ಕೇಳಿದ್ರ ಅಳ್ತಾಳ. ಕ್ಷಮಾ ಮಾಡಾಕ ನನಗಿನ್ನಾ ಆಗವಲ್ದು. ಆಗೇತಿ ಅಂತ ನಿನ್ನ ಮುಂದ ಸುಳ್ಳ ಹೇಳಂಗಿಲ್ಲ. ನೀನ ಕಲಸು. ಆದ್ರ ಆ ಮನಿಗೆ ನಾ ಹೋಗಂಗಿಲ್ಲ. ನನ್ನ ರೊಟ್ಟಿ ನಾ ಬಡಕೊಂಡು ತಿಂತೀನಿ. ಈ ಸಾರ್ ಅವರಿಗೆ ಮಣಕಾಲ ನೋವೈತಂತ, ಅದನ್ನ ಕಡಿಮಿ ಮಾಡು. ಆಮೆನ್."

ಕೆಲವರು ಆಮೆನ್ ಎಂದರು. ಕೆಲವರು ಹಿರಿಯರ ಮುಖ ನೋಡಿದರು. ಗಂಡ ಎದ್ದು ಚಪ್ಪಲಿ ಮೆಟ್ಟಿಕೊಂಡ. ಅವನ ಬೈಕಿನ ಸದ್ದು ಗೇಟು ದಾಟಿ ಹೋಯಿತು.

ಮಣಕಾಲ ಮಾತು ಚುಚ್ಚಲೆಂದು ಅಂದೆಯಾ ಎಂದು ಆಮೇಲೆ ಮನೆಯಲ್ಲಿ ತಂಗಿಯನ್ನು ಕೇಳಿದೆ. "ಇಲ್ಲಣ್ಣಾ, ಖರೇನ ನೋವೈತಿ ಅವರಿಗೆ. ಅವರ ಮನಿಯವ್ರು ಹೇಳಿದ್ರು," ಎಂದಳು. ಎಲ್ಲವನ್ನೂ ಯಾಕೆ ಬಿಚ್ಚಿ ಹೇಳಲಿಲ್ಲ ಎಂದು ನಾನು ರೇಗಿದೆ. ಆ ಬಿಳಿ ಅಂಗಿಯವನು ತಲೆಯೆತ್ತದಂತೆ ಮಾಡುವ ಒಂದೇ ಅವಕಾಶ, ಕೈಯಾರೆ ಬಿಟ್ಟಳು. ಆಕೆ ರೊಟ್ಟಿಯ ಹಿಟ್ಟು ನಾದಲು ಕೂತಳು.

ಅಂದು ಸಭೆಯಲ್ಲಿ, ಗಂಡ ಹೊರಟುಹೋದ ಮೇಲೆ, ಭೋಜನದ ತಟ್ಟೆ ಹಿಡಿದು ಪಾಲಕರು ಸಾಲಿನ ಬಳಿ ಬಂದರು. ತಂಗಿಯ ಮುಂದೆ ನಿಂತು ಹಿರಿಯರ ಕಡೆ ನೋಡಿದರು. ಹಿರಿಯರು ಬೇಡವೆಂದು ತಲೆಯಾಡಿಸಿದ್ದನ್ನು ನಾನು ಕಂಡೆ. ಪಾಲಕರೂ ಕಂಡರು. ಆಮೇಲೆ ತಟ್ಟೆಯನ್ನು ಆಕೆಯ ಮುಂದೆ ಹಿಡಿದರು. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡಳು.

ನನ್ನ ಮುಂದೆಯೂ ತಟ್ಟೆ ಬಂತು. ಹೊಟ್ಟೆಯಲ್ಲಿ ಅಷ್ಟು ಸಿಟ್ಟು ಇಟ್ಟುಕೊಂಡು ಅದನ್ನು ಮುಟ್ಟಲು ನನ್ನಿಂದಾಗಲಿಲ್ಲ. ಬೇಡವೆಂದೆ. ಪಾಲಕರು ಮುಂದಿನವರ ಬಳಿ ಹೋದರು.